ರಸಪರಿತ್ಯಾಗ ಮತ್ತು ಮನೆಯೂಟದ ತೃಪ್ತಿ

ಗೃಹಸ್ಥನ ಮನೆಯಲ್ಲಿ ಹಿಂಸೆ ನಡೆಯುವ ತಾಣಗಳು ಐದು ಎಂದು ಹಿಂದಿನವರು ಎಣಿಸಿದ್ದಾರೆ: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ ಮತ್ತು ಪೊರಕೆ. ಇವುಗಳಿಗೆ ಪಂಚಸೂನಗಳೆಂದು ಹೆಸರು. ಈ ಐದರಲ್ಲಿ ಒಂದೂ ಆಯುಧವಲ್ಲ. ಎಲ್ಲವೂ ಅನ್ನ ಬೇಯುವ ಮನೆಯ ನಿತ್ಯದ ಸಾಧನಗಳೇ. ಹೊಟ್ಟೆ ತುಂಬಿಸುವ ಕೆಲಸದಲ್ಲಿಯೇ ಸೂಕ್ಷ್ಮ ಜೀವಿಗಳಿಗೆ ನೋವು ಒದಗುತ್ತದೆ ಎಂಬ ಅರಿವಿನಿಂದ ಜೈನ ಶ್ರಾವಕಾಚಾರವು ಅಡುಗೆಮನೆಯನ್ನೂ ಧರ್ಮಸಾಧನೆಯ ಕ್ಷೇತ್ರವೆಂದು ಬಗೆಯಿತು. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬಳಸುವುದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಮರಳಿಸುವುದು, ಧಾನ್ಯವನ್ನು ಹಗಲು ಬೆಳಕಿನಲ್ಲಿ ಆರಿಸುವುದು, ಸೂರ್ಯಾಸ್ತಕ್ಕೆ ಮೊದಲು ಉಣ್ಣುವುದು, ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಇಟ್ಟುಕೊಳ್ಳುವುದು, ಇವೆಲ್ಲವೂ ಆ ಅರಿವಿನ ಫಲಗಳು.

ಇಂತಹ ಶಿಸ್ತಿನ ಅಡುಗೆಮನೆಗೆ ಇತ್ತೀಚಿನ ವರ್ಷಗಳಲ್ಲಿ ಹೊಸ ಪ್ರಶ್ನೆಯೊಂದು ಬಂದು ನಿಂತಿದೆ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಟ್ಟ ಮಕ್ಕಳು ರಜೆಯಲ್ಲಿ ಮನೆಗೆ ಬಂದಾಗ ಹಾಲು ಬೇಡ, ಮೊಸರು ಬೇಡ, ತುಪ್ಪವೂ ಬೇಡ ಎನ್ನುತ್ತಾರೆ. ತಾವು ‘ವೀಗನ್’ ಎಂದು ಹೇಳಿಕೊಳ್ಳುತ್ತಾರೆ. ಬಿಸಿ ಅನ್ನದ ಮೇಲೆ ತುಪ್ಪ ಬಡಿಸಿಯೇ ವಾತ್ಸಲ್ಯವನ್ನು ತೋರಿದ ಹಿರಿಯರಿಗೆ ಆ ಮಾತು ಒರಟಾಗಿ ಕೇಳಿಸುತ್ತದೆ. ತಲೆತಲಾಂತರದಿಂದ ಬಂದ ಆಹಾರದಲ್ಲಿ ಇವರು ಕಂಡ ದೋಷವಾದರೂ ಏನೆಂದು ಅವರು ನೊಂದುಕೊಳ್ಳುತ್ತಾರೆ. ಇರುವೆಗೂ ದಾರಿ ಬಿಡುವ ಮನೆಯಲ್ಲಿ ಕರುವಿನ ಮಾತು ಮಾತ್ರ ಏಕೆ ಬರುವುದಿಲ್ಲ ಎಂದು ಕಿರಿಯರು ಬೆರಗಾಗುತ್ತಾರೆ. ವಾಸ್ತವವಾಗಿ ಎರಡೂ ಕಡೆ ಇರುವುದು ದಯೆಯೇ. ಒಂದು ದಯೆ ಎದುರಿಗೆ ಕುಳಿತ ಮಗುವನ್ನು ನೋಡುತ್ತಿದೆ. ಮತ್ತೊಂದು ಕಣ್ಣಿಗೆ ಕಾಣದ ಕೊಟ್ಟಿಗೆಯನ್ನು ನೋಡುತ್ತಿದೆ. ಈ ಎರಡು ದಯೆಗಳು ಒಂದೇ ತಟ್ಟೆಯಲ್ಲಿ ಕೂಡಬಲ್ಲವೇ? ಉತ್ತರಕ್ಕಾಗಿ ದೂರದ ದೇಶದ ಕಡೆ ನೋಡಬೇಕಾಗಿಲ್ಲ. ಜಿನವಾಣಿಯಲ್ಲಿಯೇ ಅದಕ್ಕೆ ದಾರಿಯಿದೆ.

ಆರು ರಸಗಳು

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಬಾಹ್ಯತಪಸ್ಸನ್ನು ಆರು ಬಗೆಯಾಗಿ ವಿವರಿಸುತ್ತದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ಉಪವಾಸ ಮಾಡುವುದು, ಹಸಿವಿಗಿಂತ ಕಡಿಮೆ ಉಣ್ಣುವುದು, ಆಹಾರ ಸ್ವೀಕಾರಕ್ಕೆ ನಿಯಮಗಳನ್ನು ಹಾಕಿಕೊಳ್ಳುವುದು, ರಸವನ್ನು ತೊರೆಯುವುದು. ಶರೀರವನ್ನು ಗೆಲ್ಲುವ ಮೊದಲು ನಾಲಗೆಯನ್ನು ಗೆಲ್ಲಬೇಕೆಂಬ ಕ್ರಮ ಇದರಲ್ಲಿ ಅಡಗಿದೆ.

ಇಲ್ಲಿ ರಸವೆಂದರೆ ಸಿಹಿ, ಹುಳಿ, ಖಾರ ಮೊದಲಾದ ರುಚಿಗಳಷ್ಟೇ ಅಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ ಮತ್ತು ಉಪ್ಪು ಎಂಬ ಆರು ದ್ರವ್ಯಗಳನ್ನು ಪರಂಪರೆಯು ಷಡ್ರಸವೆಂದು ಹೇಳುತ್ತದೆ. ಊಟಕ್ಕೆ ಮೋಹಕತೆಯನ್ನು ತರುವುದು ಈ ಆರೇ. ಇವುಗಳಲ್ಲಿ ಒಂದನ್ನೋ ಹಲವನ್ನೋ ನಿಯಮಪೂರ್ವಕವಾಗಿ ಬಿಡುವುದು ರಸಪರಿತ್ಯಾಗ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತು, ಅಂಗೈಯನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸುವಾಗಲೂ ಇವುಗಳಲ್ಲಿ ಕೆಲವನ್ನು ತೊರೆದಿರುತ್ತಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, 2024ರಲ್ಲಿ ಸಲ್ಲೇಖನದಿಂದ ದೇಹ ತೊರೆದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಉಪ್ಪನ್ನೂ ಸಕ್ಕರೆಯನ್ನೂ ಆಜೀವನ ತ್ಯಜಿಸಿದ್ದರು. ಕನ್ನಡ ನೆಲದಲ್ಲಿ ಹುಟ್ಟಿದ ಆ ಮಹಾತಪಸ್ವಿಯ ಅಂಜಲಿಗೆ ಬಿದ್ದ ತುತ್ತು ಎಷ್ಟು ಸರಳವಾಗಿತ್ತೆಂಬುದನ್ನು ನೆನೆದರೆ ರುಚಿಯ ಬಗ್ಗೆ ಗೃಹಸ್ಥನು ಮಾಡುವ ದೂರುಗಳು ತಾವಾಗಿ ತಗ್ಗುತ್ತವೆ.

ಗೃಹಸ್ಥರಿಗೂ ಇದರ ಸುಲಭವಾದ ರೂಪವೊಂದಿದೆ. ವಾರದ ಒಂದೊಂದು ದಿನ ಒಂದೊಂದನ್ನು ಬಿಡುವ ಪದ್ಧತಿ ದಿಗಂಬರ ಸಂಪ್ರದಾಯದಲ್ಲಿ ರೂಢಿಯಲ್ಲಿದೆ. ಭಾನುವಾರ ಉಪ್ಪು, ಸೋಮವಾರ ಹಸಿರು ಪದಾರ್ಥ, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ. ಬುಧವಾರದಿಂದ ಶುಕ್ರವಾರದವರೆಗಿನ ಮೂರು ತ್ಯಾಗಗಳನ್ನು ಒಂದೇ ದಿನಕ್ಕೆ ತಂದರೆ ಆ ದಿನದ ಅಡುಗೆ ತಾನಾಗಿ ಗೋರಸವಿಲ್ಲದ ಅಡುಗೆಯಾಗುತ್ತದೆ. ಮಕ್ಕಳು ಹೊರಗಿನಿಂದ ತಂದ ಮಾತು ಅಜ್ಜಿಯ ವಾರದ ನಿಯಮದಲ್ಲಿ ಆಗಲೇ ಬೀಜರೂಪದಲ್ಲಿದೆ.

ಐದು ಅತಿಚಾರಗಳ ಕನ್ನಡಿ

ಆದರೆ ರಸಪರಿತ್ಯಾಗದ ಮುಖ್ಯ ಉದ್ದೇಶ ಇಂದ್ರಿಯನಿಗ್ರಹ. ಅದು ಹಾಲನ್ನು ಅಭಕ್ಷ್ಯವೆಂದು ಸಾರುವುದಿಲ್ಲ. ಶಾಸ್ತ್ರೋಕ್ತ ಮರ್ಯಾದೆಯಲ್ಲಿ ಕರೆದು, ಸೋಸಿ, ಕಾಯಿಸಿದ ಹಾಲನ್ನು ಜೈನ ಪರಂಪರೆ ಶತಮಾನಗಳಿಂದ ಸ್ವೀಕರಿಸಿದೆ. ಆದ್ದರಿಂದ ಹಾಲು ಕುಡಿಯುವ ಶ್ರಾವಕನನ್ನು ವ್ರತಭ್ರಷ್ಟನೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಪಶುವಿನ ಪಕ್ಷದಿಂದ ವಿಚಾರ ಮಾಡಬೇಕಾದರೆ ಅದೇ ಗ್ರಂಥದ ಏಳನೆಯ ಅಧ್ಯಾಯವನ್ನು ತೆರೆಯಬೇಕು. ಅಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸ್ವತಂತ್ರವಾಗಿ ಚಲಿಸಬೇಕಾದ ಜೀವಿಯನ್ನು ಕಟ್ಟಿಹಾಕುವುದು ಬಂಧ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಕಿವಿ ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದು ಛೇದ. ಶಕ್ತಿಮೀರಿ ಹೊರೆ ಹೊರಿಸುವುದು ನಾಲ್ಕನೆಯದು. ಹಸಿದ ಜೀವಿಗೆ ಸಲ್ಲಬೇಕಾದ ಆಹಾರ ನೀರನ್ನು ತಡೆಯುವುದು ಐದನೆಯದು. ಅಣುವ್ರತಿಯು ಕೊಲ್ಲುವುದಿಲ್ಲ ಎಂಬುದನ್ನು ಸೂತ್ರಕಾರರು ಮೊದಲೇ ಒಪ್ಪಿಕೊಂಡಿದ್ದಾರೆ. ಕೊಲ್ಲದೆಯೂ ಪೀಡಿಸಬಹುದು ಎಂಬುದೇ ಅವರ ಎಚ್ಚರಿಕೆ. ಮನೆಯಲ್ಲಿ ಸಾಕಿದ ಪಶುವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಈ ಪಟ್ಟಿ ರೂಪುಗೊಂಡಂತೆ ತೋರುತ್ತದೆ.

ಹಸು ಮನೆಯಲ್ಲಿಯೇ ಇದ್ದ ಕಾಲದಲ್ಲಿ ಈ ಐದು ಅಂಶಗಳನ್ನು ಗೃಹಸ್ಥನು ತಾನೇ ಪರೀಕ್ಷಿಸಬಹುದಾಗಿತ್ತು. ಕರು ಕುಡಿದ ಮೇಲೆ ಉಳಿದುದನ್ನು ಕರೆಯುವ ಮನೆಗಳಿದ್ದವು. ಗಂಡು ಕರು ನೇಗಿಲ ಎತ್ತಾಗಿ ಬೆಳೆಯುತ್ತಿತ್ತು. ಬತ್ತಿದ ಹಸುವಿಗೂ ಕೊಟ್ಟಿಗೆಯ ಮೂಲೆಯೊಂದು ದೊರೆಯುತ್ತಿತ್ತು. ಆ ಸಂಬಂಧ ಸಂಪೂರ್ಣ ನಿರ್ದೋಷವೆನ್ನಲಾಗದು. ಆದರೆ ದೋಷವಿದ್ದರೆ ಅದು ಕಣ್ಣಿಗೆ ಕಾಣುತ್ತಿತ್ತು. ಇಂದು ಹಾಲು ಪೊಟ್ಟಣದಲ್ಲಿ ಬಾಗಿಲಿಗೆ ಬರುತ್ತದೆ. ಅದರ ಹಿಂದಿರುವ ಕರು ಕಾಣುವುದಿಲ್ಲ. ಕರು ಹಾಕದೆ ಯಾವ ಹಸುವೂ ಹಾಲು ಕೊಡದು; ಹಾಲು ನಿರಂತರ ಬೇಕೆಂದರೆ ಹಸು ಮತ್ತೆ ಮತ್ತೆ ಗರ್ಭ ಧರಿಸಲೇಬೇಕು. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಆ ಗಂಡು ಕರುವಿಗೆ ಕೆಲಸವಿಲ್ಲ. 2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ದನಗಳು ಸುಮಾರು 19.25 ಕೋಟಿ. ಅವುಗಳಲ್ಲಿ ಹೆಣ್ಣು ಸುಮಾರು 14.5 ಕೋಟಿ, ಗಂಡು 5 ಕೋಟಿಗೂ ಕಡಿಮೆ. ಸಮಸಂಖ್ಯೆಯಲ್ಲಿ ಹುಟ್ಟಿದವು ಸಮಸಂಖ್ಯೆಯಲ್ಲಿ ಬದುಕಿಲ್ಲ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಇದರಲ್ಲಿ ಹೈನುಗಾರನನ್ನು ದೂಷಿಸುವುದಕ್ಕೆ ಎಡೆಯಿಲ್ಲ. ಒಂದೆರಡು ಹಸುಗಳಿಂದಲೇ ಸಂಸಾರ ಸಾಗಿಸುವ ಬಡ ಕುಟುಂಬಗಳು ಹಳ್ಳಿಹಳ್ಳಿಗಳಲ್ಲಿವೆ. ಅವರಲ್ಲಿ ಅನೇಕರು ಹಸುವನ್ನು ಮಗಳಂತೆ ನೋಡಿಕೊಳ್ಳುತ್ತಾರೆ. ಜೈನಧರ್ಮ ಕೇಳುವುದು ಅವರನ್ನಲ್ಲ, ಕೊಳ್ಳುವವನನ್ನು. ಕರ್ಮಬಂಧವು ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದ ಆಗುತ್ತದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಕೊಟ್ಟಿಗೆಯಿಂದ ದೂರವಿರುವುದರಿಂದ ಮೊದಲನೆಯದು ತಪ್ಪಬಹುದು. ಉಳಿದೆರಡರ ವಿಚಾರವನ್ನು ಪ್ರತಿಯೊಬ್ಬ ಶ್ರಾವಕನೂ ತನ್ನ ಅಂತರಂಗದಲ್ಲಿ ನಡೆಸಬೇಕಾಗುತ್ತದೆ.

ಒಂದಾಗುವ ಕಡೆ, ಬೇರಾಗುವ ಕಡೆ

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಪ್ರಾಣಿಮೂಲದ ಯಾವುದನ್ನೂ ಬಳಸದಿರುವುದು ಅದರ ನಿಯಮ. ಮಾಂಸ, ಮೊಟ್ಟೆ, ಜೇನು ಈ ಮೂರರಲ್ಲಿಯೂ ಅದು ಜೈನ ನಿಯಮದೊಂದಿಗೆ ಪೂರ್ಣವಾಗಿ ಕೂಡುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಮೂಲಗುಣಗಳಲ್ಲಿಯೇ ಸೇರಿಸಿದ್ದಾರೆ. ಹೂವಿನಿಂದ ಹೂವಿಗೆ ಅಲೆದು ಜೇನ್ನೊಣ ಕೂಡಿಟ್ಟದ್ದನ್ನು ಕಸಿಯಬಾರದೆಂದು ಹೇಳಿದ ಧರ್ಮಕ್ಕೆ ಕರುವಿನ ಪಾಲಿನ ಮಾತು ಅಪರಿಚಿತವಾಗಲಾರದು.

ಆದರೆ ಎರಡೂ ಒಂದೇ ಅಲ್ಲ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಗಜ್ಜರಿ, ಮೂಲಂಗಿ, ಅಣಬೆ ಇವೆಲ್ಲ ವೀಗನ್ ತಟ್ಟೆಗೆ ಸಲ್ಲುತ್ತವೆ. ಅನಂತಕಾಯವೆಂದು ಕಂದಮೂಲಗಳನ್ನು ಬಿಡುವ ಜೈನ ತಟ್ಟೆಗೆ ಸಲ್ಲುವುದಿಲ್ಲ. ರಾತ್ರಿಭೋಜನಕ್ಕೆ ಅಲ್ಲಿ ತಡೆಯಿಲ್ಲ. ತಿಂಗಳುಗಟ್ಟಲೆ ಕಾಪಿಟ್ಟ ತಿನಿಸೂ ಅಲ್ಲಿ ನಡೆಯುತ್ತದೆ. ಅಂಗಡಿಯಲ್ಲಿ ವೀಗನ್ ಎಂಬ ಮುದ್ರೆ ಹೊತ್ತು ಬರುವ ಪೊಟ್ಟಣಗಳೆಲ್ಲವೂ ಶುದ್ಧಾಹಾರವೆಂದು ಭಾವಿಸಬಾರದು. ಇದೇ ಕಾರಣದಿಂದ ಜೈನ ಗೃಹಸ್ಥನಿಗೆ ಹಾಲಿಲ್ಲದ ಆಹಾರದ ಮಾರ್ಗ ಅಂಗಡಿಯ ಮೂಲಕವಲ್ಲ, ಮನೆಯ ಒಲೆಯ ಮೂಲಕವೇ ಸಾಗಬೇಕು.

ಇನ್ನೊಂದು ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಎರಡು ಹೋಳಾಗುವ ಬೇಳೆಕಾಳುಗಳನ್ನು ಹಸಿ ಗೋರಸದೊಂದಿಗೆ ಬೆರೆಸಿ ತಿನ್ನಬಾರದೆಂಬುದು ದ್ವಿದಳ ನಿಯಮ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಇದರ ಉಲ್ಲೇಖವಿದೆ. ಈ ನಿಯಮ ಪಾಲಿಸುವ ಮನೆಯಲ್ಲಿ ಕಡಲೆಬೇಳೆ ಅರೆದು ಹಾಕಿದ ಮಜ್ಜಿಗೆಹುಳಿಯೂ ಮೊಸರುವಡೆಯೂ ಸಂದೇಹಕ್ಕೆ ಒಳಗಾಗುತ್ತವೆ. ಮೊಸರಿನ ಜಾಗದಲ್ಲಿ ತೆಂಗಿನ ಹಾಲೂ ಹುಳಿಗೆ ಹುಣಸೆಯೋ ಪುನರ್ಪುಳಿಯೋ ಬಂದರೆ ಆ ಸಂದೇಹವೇ ಇರುವುದಿಲ್ಲ. ಹಾಲನ್ನು ಬಿಟ್ಟ ಅಡುಗೆ ಹಳೆಯ ನಿಯಮವೊಂದನ್ನು ಪಾಲಿಸಲು ಸುಲಭ ಮಾಡಿಕೊಡುತ್ತದೆ.

ತೃಪ್ತಿ ಎಲ್ಲಿದೆ?

ಕನ್ನಡದಲ್ಲಿ ಪಾಕಶಾಸ್ತ್ರವನ್ನು ಕಾವ್ಯವಾಗಿ ಬರೆದವನು ಜೈನ ಕವಿಯೇ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರದಲ್ಲಿ ಭಕ್ಷ್ಯಗಳನ್ನೂ ಪಾನಕಗಳನ್ನೂ ಬದನೆ, ಹಲಸು, ಬಾಳೆಗಳ ಬಗೆಬಗೆಯ ಪಾಕಗಳನ್ನೂ ಷಟ್ಪದಿಯಲ್ಲಿ ವರ್ಣಿಸಿದ್ದಾನೆ. ಹಾಲು ತುಪ್ಪಗಳಿಗೂ ಅಲ್ಲಿ ಕೊರತೆಯಿಲ್ಲ. ಜೈನ ಜೀವನವು ರುಚಿಯನ್ನು ದ್ವೇಷಿಸಿತೆಂಬ ಆಕ್ಷೇಪಕ್ಕೆ ಆ ಒಂದು ಗ್ರಂಥವೇ ಉತ್ತರ. ರುಚಿ ದೋಷವಲ್ಲ, ರುಚಿಯ ಮೇಲಿನ ರಾಗ ದೋಷ. ರಾಗಾದಿಗಳ ಉದಯವೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ‘ಇದಿಲ್ಲದೆ ಊಟವೇ ಇಲ್ಲ’ ಎಂದು ಯಾವ ಪದಾರ್ಥದ ಬಗ್ಗೆ ಮನಸ್ಸು ಹೇಳುತ್ತದೆಯೋ ಅಲ್ಲಿಯೇ ಬಂಧನವಿದೆ.

ಹಾಗಾದರೆ ಊಟದ ತೃಪ್ತಿ ಎಲ್ಲಿಂದ ಬರುತ್ತದೆ? ಜ್ವರದಲ್ಲಿ ಮಲಗಿದವನು, ದೂರ ಪ್ರಯಾಣ ಮುಗಿಸಿ ಬಂದವನು, ಆಪ್ತರನ್ನು ಕಳೆದುಕೊಂಡು ದಣಿದವನು ಬಯಸುವುದು ಹಬ್ಬದ ಪಕ್ವಾನ್ನವನ್ನಲ್ಲ. ಅವನಿಗೆ ಬೇಕಾಗುವುದು ಬಿಸಿಯಾದ, ಮೃದುವಾದ, ಪರಿಚಿತವಾದ ಒಂದು ತುತ್ತು. ಅದನ್ನು ಬಡಿಸುವ ಪ್ರೀತಿಯ ಕೈ. ಕರ್ನಾಟಕದ ಮನೆಗಳಲ್ಲಿ ಅಂತಹ ಊಟವೆಂದರೆ ಗಂಜಿ, ಕಟ್ಟಿನ ಸಾರು, ರೊಟ್ಟಿ, ನೀರುದೋಸೆ. ಇವುಗಳಲ್ಲಿ ಯಾವುದಕ್ಕೂ ಮೂಲದಲ್ಲಿಯೇ ಹಾಲಿನ ಹಂಗಿಲ್ಲ.

ಗಂಜಿಯನ್ನು ನೋಡಬಹುದು. ಒಂದು ಲೋಟ ಅಕ್ಕಿಗೆ ಕಾಲು ಲೋಟ ಹೆಸರುಬೇಳೆಯನ್ನು ಸೇರಿಸಿ, ಆರಿಸಿ ತೊಳೆದು, ಸೋಸಿದ ಎಂಟು ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕಾಳು ಒಡೆದು ನೀರಿನೊಂದಿಗೆ ಒಂದಾದ ಮೇಲೆ ಉಪ್ಪು, ಜಜ್ಜಿದ ಜೀರಿಗೆ, ಚಿಟಿಕೆ ಶುಂಠಿಪುಡಿ ಹಾಕಬೇಕು. ಹಸಿಶುಂಠಿ ಕಂದಮೂಲವಾದುದರಿಂದ ಒಣಶುಂಠಿಯನ್ನು ಬಳಸುವುದು ಜೈನ ಮನೆಗಳ ರೂಢಿ. ಕೊನೆಯಲ್ಲಿ ಅರ್ಧ ಲೋಟ ಗಟ್ಟಿ ತೆಂಗಿನ ಹಾಲು ಬೆರೆಸಿ ಒಲೆಯಿಂದ ಇಳಿಸಿದರೆ ತುಪ್ಪದ ಅಭಾವ ತಿಳಿಯುವುದಿಲ್ಲ. ಹಳೆಯ ಉಪ್ಪಿನಕಾಯಿಯ ಬದಲು ಹುರಿದ ಎಳ್ಳು, ಒಣಮೆಣಸಿನಕಾಯಿ, ತೆಂಗಿನತುರಿ, ಹುಣಸೆ ಸೇರಿಸಿ ಅಂದಂದೇ ಅರೆದ ಚಟ್ನಿ ಇದಕ್ಕೆ ಹೊಂದುತ್ತದೆ.

ತೆಂಗಿನ ಹಾಲನ್ನು ತೆಗೆಯುವ ಕ್ರಮ ತಿಳಿದರೆ ಅರ್ಧ ಕೆಲಸ ಮುಗಿದಂತೆ. ತುರಿದ ಕಾಯಿಯನ್ನು ಸ್ವಲ್ಪ ಬಿಸಿನೀರಿನೊಂದಿಗೆ ಅರೆದು ಹಿಂಡಿದಾಗ ಬರುವುದು ಗಟ್ಟಿ ಹಾಲು. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಿದರೆ ನೀರು ಹಾಲು. ನೀರು ಹಾಲಿನಲ್ಲಿ ಬೇಯಿಸಬೇಕು, ಗಟ್ಟಿ ಹಾಲನ್ನು ಕೊನೆಯಲ್ಲಿ ಬೆರೆಸಬೇಕು. ಗಟ್ಟಿ ಹಾಲನ್ನು ಕುದಿಸಿದರೆ ಒಡೆಯುತ್ತದೆ. ಹೆಸರುಬೇಳೆ ಪಾಯಸವನ್ನು ಕರಾವಳಿಯ ಮನೆಗಳಲ್ಲಿ ಹೀಗೆಯೇ ಮಾಡುತ್ತಾರೆ. ಬೆಲ್ಲ, ಏಲಕ್ಕಿ ಸೇರಿದ ಆ ಪಾಯಸಕ್ಕೆ ಹಸುವಿನ ಹಾಲು ಎಂದೂ ಬೇಕಾಗಿರಲಿಲ್ಲ.

ತುಳುನಾಡಿನ ನೀರುದೋಸೆಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ, ನುಣ್ಣಗೆ ಅರೆದು, ನೀರಾಗಿ ಕಲಸಿ ಕೂಡಲೇ ಹೊಯ್ಯುತ್ತಾರೆ. ಹಿಟ್ಟು ಹುಳಿಯಬೇಕಾಗಿಲ್ಲ, ಆದುದರಿಂದ ಹುದುಗು ಹಿಡಿದ ಹಿಟ್ಟನ್ನು ವರ್ಜಿಸುವವರಿಗೂ ಅದು ಸಲ್ಲುತ್ತದೆ. ಬೆಲ್ಲ ಬೆರೆಸಿದ ಕಾಯಿಹಾಲು ಅದಕ್ಕೆ ಜೊತೆ. ಊಟದ ಕೊನೆಗೆ ಮಜ್ಜಿಗೆ ಇಲ್ಲದೆ ಮುಗಿಯದು ಎನ್ನುವವರು ಪುನರ್ಪುಳಿಯ ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ, ಉಪ್ಪು, ತುಸು ಬೆಲ್ಲ ಹಾಕಿ, ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಕುಡಿದು ನೋಡಬಹುದು. ಅನ್ನಕ್ಕೂ ಆಗುತ್ತದೆ, ಕುಡಿಯಲೂ ಆಗುತ್ತದೆ.

ಬಯಲುಸೀಮೆಯ ಕಡೆಗೆ ಬಂದರೆ ಹುರುಳಿ. ಬೆಳಿಗ್ಗೆ ಆರಿಸಿ ನೆನೆಸಿ, ಮೊಳಕೆಗೆ ಬಿಡದೆ ಅಂದೇ ಬೇಯಿಸಿ, ಬಸಿದ ಕಟ್ಟಿಗೆ ಹುಣಸೆಯ ರಸ, ಮೆಣಸು-ಜೀರಿಗೆಯ ಪುಡಿ ಹಾಕಿ ಕುದಿಸಿದರೆ ಮೈಗೆ ಬಿಸಿಯೂ ನಾಲಗೆಗೆ ರುಚಿಯೂ ಆದ ಸಾರು. ಬೆಂದ ಕಾಳು ಕಾಯಿತುರಿಯೊಂದಿಗೆ ಪಲ್ಯವಾಗುತ್ತದೆ. ಬೆಳ್ಳುಳ್ಳಿಯಿಲ್ಲದ ಕೊರತೆಯನ್ನು ಚಿಟಿಕೆ ಇಂಗು ತುಂಬುತ್ತದೆ. ಬೆಳಗಾವಿ, ಧಾರವಾಡ ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿಗಳಿರುತ್ತವೆ. ನೆಲದೊಳಗೆ ಬೆಳೆದರೂ ಶೇಂಗಾ ಕಂದವಲ್ಲ, ಬೀಜ. ಆದ್ದರಿಂದ ಅದಕ್ಕೆ ನಿಷೇಧವಿಲ್ಲ. ಬದನೆಯನ್ನು ಬಹುಬೀಜವೆಂದು ಬಿಡುವ ಮನೆಗಳಲ್ಲಿ ಅದೇ ಮಸಾಲೆಯನ್ನು ಹೀರೆಕಾಯಿಗೆ ತುಂಬಿ ಎಣ್ಣೆಗಾಯಿ ಮಾಡಬಹುದು. ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ ಎಂದಿನಿಂದಲೂ ಇದೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಡುವವರಿಗೂ ರೊಟ್ಟಿ, ಕಟ್ಟಿನ ಸಾರು, ಒಣ ಪುಡಿಗಳು ಸಾಕಷ್ಟಾಗುತ್ತವೆ.

ಶಕ್ತಿಯನ್ನು ಅರಿತ ತ್ಯಾಗ

ತೀರ್ಥಂಕರ ಪ್ರಕೃತಿಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸು ಎರಡನ್ನೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣದೊಂದಿಗೆ ಹೇಳಲಾಗಿದೆ. ಶಕ್ತಿಯನ್ನು ಮುಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಆಹಾರದ ತ್ಯಾಗದಲ್ಲಿ ಈ ಮಾತು ಅತ್ಯಂತ ಅಗತ್ಯ.

ಮಹಾತ್ಮ ಗಾಂಧಿಯವರ ಜೀವನದಲ್ಲಿ ಇದಕ್ಕೆ ನಿದರ್ಶನವಿದೆ. ಹಾಲು ವಿಕಾರವನ್ನು ಉದ್ದೀಪಿಸುತ್ತದೆ ಎಂಬ ವಿಚಾರವನ್ನು ತಾವು ಮೊದಲು ತಿಳಿದದ್ದು ಜೈನ ಸಾಧಕರಾದ ರಾಯಚಂದಭಾಯಿಯವರಿಂದ ಎಂದು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯ ವೃತ್ತಾಂತವನ್ನು ಓದಿ, 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರು ಹಾಲನ್ನು ತ್ಯಜಿಸಿದರು. ಕೆಲವು ವರ್ಷಗಳ ನಂತರ ತೀವ್ರ ಕಾಯಿಲೆಯಿಂದ ಬಳಲಿದಾಗ ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂಬ ನೋವು ಅವರನ್ನು ಬಿಡಲಿಲ್ಲ. ವ್ರತವನ್ನು ಸ್ವೀಕರಿಸುವ ಮೊದಲೇ ದೇಹಸ್ಥಿತಿ, ವಯಸ್ಸು, ಕಾಲಗಳನ್ನು ತೂಗಿನೋಡಬೇಕೆಂಬ ಪಾಠ ಇಲ್ಲಿದೆ.

ಪೋಷಣೆಯ ವಿಷಯದಲ್ಲಿಯೂ ಅಜಾಗರೂಕತೆ ಸಲ್ಲದು. ಹಾಲು ಬಿಟ್ಟರೆ ಸುಣ್ಣದ ಅಂಶ ಎಲ್ಲಿಂದ ಬರುತ್ತದೆ ಎಂಬ ತಾಯಂದಿರ ಆತಂಕ ಸಹಜ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ರಾಗಿಯ ಅಂಬಲಿ, ಎಳ್ಳಿನ ಚಟ್ನಿ, ಹುರುಳಿ ಸಾರುಗಳು ಬಡತನದ ಊಟವಲ್ಲ, ಬಲದ ಊಟ. ಆದರೆ ಬಿ12 ಜೀವಸತ್ವದ ಮಾತು ಬೇರೆ. ಸಸ್ಯಾಹಾರದಲ್ಲಿ ಅದು ನೆಚ್ಚಬಹುದಾದಷ್ಟು ದೊರೆಯುವುದಿಲ್ಲ. ಹಾಲನ್ನು ಪೂರ್ಣವಾಗಿ ಬಿಡುವವರು ವೈದ್ಯರ ಸಲಹೆಯಂತೆ ಅದನ್ನು ಮಾತ್ರೆಯ ರೂಪದಲ್ಲಿ ತೆಗೆದುಕೊಳ್ಳಲೇಬೇಕು. ಕೆಲವು ಗುಳಿಗೆಗಳ ಹೊರಕವಚ ಪ್ರಾಣಿಮೂಲದ ಜಿಲೆಟಿನ್‌ನಿಂದ ಆಗಿರುವುದರಿಂದ ವಿಚಾರಿಸಿ ಕೊಳ್ಳುವುದು ಒಳ್ಳೆಯದು. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ರೋಗಿಗಳು ವೈದ್ಯರನ್ನು ಕೇಳದೆ ಇಂತಹ ನಿಯಮ ಹಿಡಿಯಬಾರದು. ಮನೆಯವರು ಅವರ ಮೇಲೆ ಹೇರಲೂಬಾರದು. ಇನ್ನೊಬ್ಬರಿಗೆ ಸಲ್ಲಬೇಕಾದ ಆಹಾರವನ್ನು ತಡೆಯುವುದು ಐದನೆಯ ಅತಿಚಾರವೆಂಬುದನ್ನು ಮರೆಯಲಾಗದು.

ತ್ಯಾಗದ ಗರ್ವ

ಕೊನೆಯದಾಗಿ ಒಂದು ಎಚ್ಚರ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ತಿಳಿದದ್ದು. ಬಾಹುಬಲಿ ಮೂರ್ತಿಯ ಅಭಿಷೇಕಕ್ಕೆ ಚಾವುಂಡರಾಯನು ತರಿಸಿದ ಕೊಡಕೊಡ ಹಾಲು ಮೂರ್ತಿಯನ್ನು ಪೂರ್ಣವಾಗಿ ತೋಯಿಸಲಿಲ್ಲ. ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಪಾದದವರೆಗೆ ಹರಿಯಿತು. ಆ ಕಥೆಯಲ್ಲಿ ಸೋತದ್ದು ಗರ್ವ, ಗೆದ್ದದ್ದು ಭಕ್ತಿ. ಅಜ್ಜಿಯ ಕೈಯಲ್ಲಿದ್ದುದೂ ಹಾಲೇ ಎಂಬುದನ್ನು ಹಾಲು ಬಿಟ್ಟವರು ನೆನಪಿಡಬೇಕು. ಹಾಲು ಎರೆದವನಿಗೆ ಗರ್ವ ಬರಬಹುದಾದರೆ ಹಾಲು ತೊರೆದವನಿಗೂ ಬರಬಹುದು. ‘ನಾನು ಬಿಟ್ಟೆ, ನೀವು ಬಿಟ್ಟಿಲ್ಲ’ ಎಂಬ ಮಾತು ಊಟದ ಪಂಕ್ತಿಯಲ್ಲಿ ಬಂದ ಕ್ಷಣವೇ ಮಾನಕಷಾಯ ತಲೆಯೆತ್ತುತ್ತದೆ. ತಟ್ಟೆ ಶುದ್ಧವಾಗಿದ್ದರೂ ಭಾವ ಅಶುದ್ಧವಾಗುತ್ತದೆ. ಹಾಗೆಯೇ, ದಯೆಯಿಂದ ಬಿಟ್ಟವರನ್ನು ಹಾಸ್ಯ ಮಾಡುವುದೂ, ಅವರಿಗೆ ತಿಳಿಯದಂತೆ ತುಪ್ಪ ಬೆರೆಸಿ ಬಡಿಸುವುದೂ ತಪ್ಪು. ಇನ್ನೊಬ್ಬರ ನಿಯಮಕ್ಕೆ ನೆರವಾಗುವುದು ಶ್ರಾವಕನ ಕರ್ತವ್ಯ. ಮುನಿಗಳು ಆಹಾರಕ್ಕೆ ಬಂದಾಗ ಅವರು ತೊರೆದ ರಸವನ್ನು ಅರಿತು ಅಡುಗೆ ಮಾಡುವ ಮನೆಗೆ, ಮಗಳು ತೊರೆದ ರಸವನ್ನು ಅರಿತು ಅಡುಗೆ ಮಾಡುವುದು ಕಷ್ಟವಾಗಬಾರದು.

ಹಾಲನ್ನು ಬಿಡಲು ಸಿದ್ಧವಿಲ್ಲದ ಮನೆಗಳೂ ಮಾಡಬಹುದಾದ ಕೆಲಸಗಳಿವೆ. ಹಾಲು ಎಲ್ಲಿಂದ ಬರುತ್ತದೆ, ಆ ಕೊಟ್ಟಿಗೆಯ ಕರು ಏನಾಗುತ್ತದೆ ಎಂದು ವಿಚಾರಿಸಬಹುದು. ಬತ್ತಿದ ಹಸುಗಳನ್ನೂ ಗಂಡು ಕರುಗಳನ್ನೂ ಸಾಕುವ ಗೋಶಾಲೆಗೆ ತಿಂಗಳಿಗಿಷ್ಟು ಮೇವು ಕೊಡಬಹುದು. ಬಳಕೆಯನ್ನು ಇಳಿಸಬಹುದು. ಕಾಫಿ ಟೀಗಳಲ್ಲಿ ನೆನಪಿಲ್ಲದೆ ಒಳಗೆ ಹೋಗುವ ಹಾಲಿನ ಲೆಕ್ಕವನ್ನು ಒಮ್ಮೆ ಹಾಕಿದರೆ ಅವಮೌದರ್ಯಕ್ಕೆ ಎಷ್ಟು ಅವಕಾಶವಿದೆಯೆಂದು ತಿಳಿಯುತ್ತದೆ.

ಆರಂಭಿಸಬೇಕೆನ್ನುವವರಿಗೆ ಗುರುವಾರ ಒಳ್ಳೆಯ ದಿನ. ಪರಂಪರೆ ಹಾಲಿನ ತ್ಯಾಗಕ್ಕೆಂದು ಇಟ್ಟ ದಿನವೇ ಅದು. ಬೆಳಿಗ್ಗೆ ಬಸದಿಯಲ್ಲಿ ಅಥವಾ ಮನೆಯ ದೇವರ ಮುಂದೆ ಆ ಒಂದು ದಿನಕ್ಕೆ ಮಾತ್ರ ನಿಯಮ ತೆಗೆದುಕೊಂಡು, ಹಾಲಿನ ಜೊತೆಗೆ ಮೊಸರು ತುಪ್ಪಗಳನ್ನೂ ಸೇರಿಸಿ ಬಿಡಬೇಕು. ಮಧ್ಯಾಹ್ನಕ್ಕೆ ಹುರುಳಿ ಸಾರು, ಸೂರ್ಯಾಸ್ತಕ್ಕೆ ಮೊದಲು ಬಿಸಿ ಗಂಜಿ. ಅಡುಗೆಯನ್ನು ಕಿರಿಯರೂ ಹಿರಿಯರೂ ಕೂಡಿ ಮಾಡಬೇಕು; ಅಜ್ಜಿಯ ಕೈಹದ, ಮೊಮ್ಮಗಳ ಸಂಕಲ್ಪ ಎರಡೂ ಅದರಲ್ಲಿರಬೇಕು. ಆ ದಿನ ಕೊಟ್ಟಿಗೆಯೊಂದರಲ್ಲಿ ಎಷ್ಟು ಹಾಲು ಕರುವಿಗೆ ಉಳಿಯಿತೆಂದು ಲೆಕ್ಕ ಹಾಕಲಾಗದು. ಆದರೆ ನಾಲಗೆಯ ಒಂದು ಹಟವಾದರೂ ಸಡಿಲವಾಗಿರುತ್ತದೆ, ಒಂದು ಜೀವಿಯ ನೆನಪಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಉಂಡಿರುತ್ತಾರೆ. ಸಂವರ, ನಿರ್ಜರೆಗಳ ಹಾದಿಯಲ್ಲಿ ಗೃಹಸ್ಥನು ಇಡಬಹುದಾದ ಹೆಜ್ಜೆಗಳು ಇಷ್ಟು ಚಿಕ್ಕವೇ ಆಗಿರುತ್ತವೆ.